ಗುರವ್ವನ ಕೈಗುಣ

ಶಿವರಾತ್ರಿಗೆ ಹೋಗಬೇಕಾದ ಚಳಿ ಈ ವರ್ಷ ಹೋಗಲಿಲ್ಲ. ಹೋಳಿಹುಣ್ಣಿಮೆಯ ದಿನ ಕಾಮನ ಕಟ್ಟಿಗೆ ತೊಯ್ದು ಬರೀ ಹೊಗೆ ಎದ್ದಿತ್ತು. ಈಗ ಯುಗಾದಿ ಬಾಗಿಲಿಗೆ ಬಂದರೂ ಮುನವಳ್ಳಿಯ ಮೇಲಿನ ಮುಗಿಲು ತೆರೆದಿರಲಿಲ್ಲ. ಜೋರಾಗಿ ಸುರಿಯುವುದೂ ಇಲ್ಲ, ಪೂರ್ತಿ ನಿಲ್ಲುವುದೂ ಇಲ್ಲ. ಹಗಲೆಲ್ಲ ಜಿಟಿಜಿಟಿ, ಹೊತ್ತು ಇಳಿದರೆ ಹೊಳೆಯ ಕಡೆಯಿಂದ ಮೈ ಕೊರೆಯುವ ಗಾಳಿ. ನಿಜಗುಣಪ್ಪ ಎದ್ದವನು ಮುಖವನ್ನೂ ತೊಳೆಯದೆ ತೋಟಕ್ಕೆ ಬಂದು ಬದನೆಯ ಸಸಿಮಡಿಯ ಮುಂದೆ ತುದಿಗಾಲಲ್ಲಿ ಕೂತ. ನಿನ್ನೆ ಸಂಜೆ ನಿಂತಿದ್ದ ಸಸಿಗಳಲ್ಲಿ ಒಂದು ಸಾಲು ಮಲಗಿಬಿಟ್ಟಿತ್ತು. ಎಲೆಗಳು ಇನ್ನೂ ಹಸಿರಾಗಿಯೇ ಇದ್ದವು, ಅದೇ ಅವನಿಗೆ ತಡೆಯಲಾಗದ್ದು. ಒಂದನ್ನು ಚಿವುಟಿ ಎತ್ತಿದ. ಮಣ್ಣಿಗೆ ತಾಗಿದ ಕಡೆ ದಂಟು ನೂಲಿನಷ್ಟು ತೆಳ್ಳಗಾಗಿ ಕಪ್ಪಿಟ್ಟಿತ್ತು, ಬೇರು ಕೆಳಗೇ ಉಳಿದು ಸಸಿ ಮಾತ್ರ ಕೈಗೆ ಬಂತು. ಪಕ್ಕದ ಕೊತ್ತಂಬರಿ ಹಳದಿಗೆ ತಿರುಗಿತ್ತು, ಮೆಂತ್ಯದ ಸಾಲಿಗೆ ಕೈ ಹಾಕಿದರೆ ಬುಡದಲ್ಲಿ ಲೋಳೆ ಅಂಟುತ್ತಿತ್ತು, ಉಳ್ಳಾಗಡ್ಡಿಯ ಎಲೆಯ ತುದಿಗಳು ಸುಟ್ಟಂತಾಗಿದ್ದವು. ಆದರೂ ಅವನಿಗೆ ಅವುಗಳ ಚಿಂತೆ ಇರಲಿಲ್ಲ. ಬದನೆಯ ಮಡಿಯೊಂದನ್ನೇ ನೋಡುತ್ತ ಕೂತಿದ್ದ.

ಬಿತ್ತಿದ್ದು ಇದು ಎರಡನೆಯ ಸಲ. ಮೊದಲ ಸಲ ಬೀಜ ಮಣ್ಣಿನಲ್ಲೇ ಕೊಳೆತಿತ್ತು. ಮಳೆಯನ್ನು ಬಯ್ಯೋಣವೆಂದರೆ ಬಾಯಿ ಬರುತ್ತಿರಲಿಲ್ಲ. ಮೊನ್ನೆ ಮೊನ್ನೆ ಬರ ಬಿದ್ದಾಗ ಕಾಮಗಾರಿಯ ಕಲ್ಲು ಒಡೆದು ಹೊಟ್ಟೆ ಹೊರೆದ ಊರು ಇದು, ಮಳೆರಾಯನನ್ನು ಬಯ್ದರೆ ಮಗ್ಗುಲಲ್ಲಿದ್ದವರೇ ಬಾಯಿ ಮುಚ್ಚಿಸುತ್ತಿದ್ದರು. ಮಾಡಬೇಕಾದದ್ದನ್ನೆಲ್ಲ ಮಾಡಿದ್ದ. ಮಡಿಯ ಸುತ್ತ ಕಾಲುವೆ ತೋಡಿದ್ದ, ಜೋಳದ ಕಣಿಕೆಯ ತಟ್ಟಿ ಕಟ್ಟಿ ಮೇಲೆ ಹೊದಿಸಿದ್ದ, ತೋಟದ ಆಳು ಕಾಡವ್ವ ಮನೆಮನೆ ತಿರುಗಿ ಒಲೆಯ ಬೂದಿ ತಂದು ಎರಚಿದ್ದಳು, ಗಾಳಿಯ ಮಗ್ಗುಲಿಗೆ ಸಗಣಿ ಕುಳ್ಳಿನ ಹೊಗೆ ಹಾಕಿದ್ದರು. ಬೂದಿ ಕೆಸರಾಯಿತು, ಕುಳ್ಳು ತೊಯ್ದು ಆರಿತು. ಇಷ್ಟೆಲ್ಲ ಕಣ್ಣಾರೆ ಕಂಡಿದ್ದರೂ ನಿಜಗುಣಪ್ಪನ ಮನಸ್ಸು ಚಳಿಯ ಮೇಲೆ, ನೀರಿನ ಮೇಲೆ ನಿಲ್ಲುತ್ತಿರಲಿಲ್ಲ. ಜಾರಿ ಜಾರಿ ಕೈಯ ಮೇಲೆ ಹೋಗಿ ಕೂರುತ್ತಿತ್ತು, ಬೀಜ ಬಿದ್ದದ್ದು ಯಾರ ಕೈಯಿಂದ ಎನ್ನುವುದರ ಮೇಲೆ. ಮಠದ ಕಟ್ಟೆಯ ಮೇಲೆ ಕೂತು ಲಿಂಗ ಕಟ್ಟಿದವರಿಗೆ ಎಂಥ ಸೂತಕ, ಎಂಥ ಮೈಲಿಗೆ ಎಂದು ನಾಲ್ಕು ಜನರ ಮುಂದೆ ದೊಡ್ಡದಾಗಿ ಮಾತಾಡಿದವನು ಅವನೇ. ಹಾಗೆ ಮಾತಾಡುವವರ ಧೈರ್ಯ ಸಾಮಾನ್ಯವಾಗಿ ಕಟ್ಟೆ ಇಳಿಯುವವರೆಗೆ ಇರುತ್ತದೆ.

ಅವನಿಗೆ ತಿಳಿವಳಿಕೆ ಬಂದಾಗಿನಿಂದ ಈ ತೋಟದಲ್ಲಿ ಬದನೆಯ ಬೀಜ ಬಿತ್ತಿದ್ದು ವೈನಿಯೇ, ಅಣ್ಣ ಮಡಿವಾಳೆಪ್ಪನ ಹೆಂಡತಿ ಗುರವ್ವ. ಅವಳ ಕೈಗುಣ ಊರಿಗೇ ಗೊತ್ತು. ಮಗ್ಗುಲ ತೋಟದವರೂ ಬೀಜದ ಗಂಟು ತಂದು, ಅವ್ವಾ ಒಂದು ಮುಟಿಗಿ ನೀವು ಹಾಕಿಕೊಡ್ರಿ ಎಂದು ಕರೆದೊಯ್ಯುತ್ತಿದ್ದರು. ದೀಪಾವಳಿ ಕಳೆದ ಮೇಲೆ ಅಣ್ಣ ಜ್ವರ ಬಂದು ತೀರಿಕೊಂಡ. ಮಾಘ ದಾಟಿತು, ಬಿತ್ತುವ ದಿನ ಬಂತು. ವೈನಿ ಎಂದಿನಂತೆ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮಡಿಯ ತಲೆಗೆ ಬಂದು ನಿಂತಳು. ನಿಜಗುಣಪ್ಪ ಗಂಟು ಬಿಚ್ಚಿದ. ಅವಳು ಕೈ ಚಾಚಿದಳು. ಬೀಜ ಸುರಿಯಬೇಕೆಂದು ಬಗ್ಗಿದವನಿಗೆ ಬಳೆಯಿಲ್ಲದ ಮುಂಗೈ ಕಾಣಿಸಿತು, ಅಷ್ಟೇ. ಅವನ ಕುತ್ತಿಗೆ ತಾನಾಗಿ ತಿರುಗಿತು. 'ಇಂದ್ರವ್ವಾ, ಈ ಸರ್ತಿ ನೀ ಬಾ' ಎಂದು ಹೆಂಡತಿಯನ್ನು ಕರೆದ. ಚಾಚಿದ ಕೈಯನ್ನು ವೈನಿ ತಟ್ಟನೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ಮೆಲ್ಲಗೆ ಮೇಲಕ್ಕೆತ್ತಿ, ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳಲಿಕ್ಕೇ ಎತ್ತಿದ್ದೆನೆಂಬಂತೆ ಸರಿಪಡಿಸಿಕೊಂಡಳು. ಕಾಡವ್ವ ನೆಲ ನೋಡಿದಳು. ವೈನಿ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋಗಿ, ಆಮೇಲೆ ಇಂದ್ರವ್ವ ಬಿತ್ತಿದ ಮಡಿಗೆ ತಾನೇ ನೀರು ಚಿಮುಕಿಸಿದಳು.

ಯಾರೂ ಅವನಿಗೆ ಹಾಗೆ ಮಾಡು ಎಂದಿರಲಿಲ್ಲ. ಊರಿನ ಹಿರಿಯರಾಗಲಿ, ಮಠದವರಾಗಲಿ, ಇಂದ್ರವ್ವಳಾಗಲಿ ಒಂದು ಮಾತು ಆಡಿರಲಿಲ್ಲ. ಆಡಿದ್ದರೆ ಈಗ ಅವರ ತಲೆಗೆ ಕಟ್ಟಬಹುದಿತ್ತು. ಆ ದಿನದಿಂದ ವೈನಿ ಅವನನ್ನು 'ತಮ್ಮಾ' ಎಂದು ಕರೆಯುವುದನ್ನು ಬಿಟ್ಟಳು. ಸಿಟ್ಟು ತೋರಿಸಲಿಲ್ಲ, ಊಟಕ್ಕೆ ಬಡಿಸುವಾಗ 'ನಿಜಗುಣಪ್ಪನವರಿಗೆ ರೊಟ್ಟಿ ಬೇಕೇನ ನೋಡು' ಎಂದು ಇಂದ್ರವ್ವಳಿಗೆ ಹೇಳುವಳು. ಅವನು ಅಂಗಿಯ ಗುಂಡಿ ಹಾಕಲು ಬಾರದ ಹುಡುಗನಾಗಿದ್ದಾಗ ವೈನಿ ಈ ಮನೆಗೆ ಬಂದವಳು. ಅವ್ವ ಹೊಡೆಯಲು ಬಂದರೆ ಅವನು ಅಡಗುತ್ತಿದ್ದದ್ದು ಇವಳ ಸೀರೆಯ ಹಿಂದೆ. ಆ 'ನವರಿಗೆ' ಎಂಬ ಮಾತು ಕೇಳಿದಾಗಲೆಲ್ಲ ಅವನು ರೊಟ್ಟಿಯನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆಯುತ್ತಿದ್ದ.

ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಎರಡನೆಯ ಸಲ ಬಿತ್ತಿದ ಸಸಿ ಮಲಗಲು ಶುರುವಾದ ದಿನ, ಆಳುಗಳ ಮುಂದೆ, ಬೇಲಿಯಾಚೆಯ ತೋಟದವರಿಗೂ ಕೇಳುವಂತೆ, ಅವನು ಇಂದ್ರವ್ವಳಿಗೆ ಅಂದಿದ್ದ: 'ನಿನ್ನ ಕೈಯಾಗ ಏನ ಐತೋ ಏನೋ, ಮುಟ್ಟಿದ್ದೆಲ್ಲಾ ಕೊಳತ ಹೊಂಟೈತಿ.' ಅಂದವನಿಗೆ ಆ ಗಳಿಗೆಯಲ್ಲಿ ಒಂದು ಬಗೆಯ ಹಗುರವೂ ಆಗಿತ್ತು, ಯಾಕೆಂದರೆ ತಪ್ಪು ಆಗಿದ್ದರೆ ಅದು ವೈನಿಯನ್ನು ಸರಿಸಿದ್ದರಲ್ಲಿ ಅಲ್ಲ, ಇವಳ ಕೈಯಲ್ಲಿ ಎಂದಾಯಿತಲ್ಲ. ಇಂದ್ರವ್ವ ಎದುರು ಮಾತಾಡಲಿಲ್ಲ. ಮೊದಲೆಲ್ಲ ಒಂದು ಅಂದರೆ ನಾಲ್ಕು ಅನ್ನುವವಳು. ಅಂದು ರಾತ್ರಿ ಅವಳು ಹಾಲಿಗೆ ಹೆಪ್ಪು ಹಾಕಿದಳು, ಚಳಿಗೆ ಅದು ಕೂಡಲಿಲ್ಲ, ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. ಮಾರನೆಯ ದಿನ ಅವಳು ಹಾಲಿನ ಗಡಿಗೆಯನ್ನು ವೈನಿಯ ಮುಂದೆ ಸರಿಸಿ 'ನೀವs ಹಾಕ್ರಿ ಅಕ್ಕಾ' ಎಂದದ್ದನ್ನು ನಿಜಗುಣಪ್ಪ ಪಡಸಾಲೆಯಿಂದ ಕೇಳಿಸಿಕೊಂಡ. ಕೇಳಿಸಿಕೊಂಡು ಸುಮ್ಮನೆ ಎಲೆಅಡಿಕೆ ಹಾಕಿಕೊಂಡ.

'ಅಪ್ಪಾರ' ಎಂದು ಹಿಂದಿನಿಂದ ಕಾಡವ್ವ ಕರೆದಳು. ತಲೆಯ ಮೇಲೆ ಗೋಣಿಯ ಕೊಪ್ಪೆ, ಕಂಕುಳಲ್ಲಿ ಬೂದಿಯ ಬುಟ್ಟಿ. ಮಡಿಯನ್ನು ನೋಡಿ ತುಟಿ ಲೊಚಗುಟ್ಟಿದಳು. 'ಹೇಳಬಾರದು, ಆದ್ರೂ ಹೇಳತೇನ್ರಿ. ಗುರವ್ವಕ್ಕಾರನ್ನ ಕರೀರಿ. ಅವರ ಕೈಲೆ ಬಿದ್ದ ಬೀಜಾ ಎಂದರ ಹುಸಿ ಹೋಗಿತ್ತೇನ್ರಿ?'

'ಅವರು ಇವತ್ತ ಕಿತ್ತೂರಿಗೆ ಹೊಂಟಾರ' ಎಂದ ನಿಜಗುಣಪ್ಪ.

'ಮತ್ತ ಬರತಾರಲ್ರಿ?'

ಅವನು ಕೈಯಲ್ಲಿದ್ದ ಸಸಿಯನ್ನು ಕಾಲುವೆಗೆ ಎಸೆದು ಎದ್ದ. ನಾಲ್ಕು ದಿನ ತವರಿನಲ್ಲಿ ಇದ್ದು ಬರುತ್ತೇನೆ ಎಂದಿದ್ದಳು ವೈನಿ. ಆದರೆ ನಿನ್ನೆ ಗಂಟು ಕಟ್ಟುವಾಗ ಅವಳು ಅಣ್ಣನ ಧೋತರ, ಅಣ್ಣನ ರುಮಾಲು ಮಡಿಸಿ ಅಡಿಯಲ್ಲಿ ಇಟ್ಟುಕೊಂಡದ್ದನ್ನು ಅವನು ನೋಡಿದ್ದ. ನಾಲ್ಕು ದಿನಕ್ಕೆ ಹೋಗುವವರು ಸತ್ತ ಗಂಡನ ರುಮಾಲು ಹೊತ್ತುಕೊಂಡು ಹೋಗುವುದಿಲ್ಲ. ಅವಳು ಹೋದರೆ ಮತ್ತೆ ಬರುವುದಿಲ್ಲ, ಹೋಗುವುದು ತನ್ನಿಂದ, ಇದು ಅವನಿಗೆ ಹಸ್ತದ ಗೆರೆಯಷ್ಟು ಸ್ಪಷ್ಟವಿತ್ತು. ಬೀಜ ಇನ್ನೊಂದು ಗಂಟು ಉಳಿದಿತ್ತು. ಅದನ್ನು ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡಿದ್ದ. ಇವತ್ತು ದಾರಿಯಲ್ಲಿ ಕೇಳಬೇಕು, ಕಾಲಿಗೆ ಬಿದ್ದಾದರೂ ಕರೆತಂದು ಅವಳ ಕೈಯಿಂದಲೇ ಬಿತ್ತಿಸಬೇಕು, ಆಗ ಎಲ್ಲ ಸರಿಹೋಗುತ್ತದೆ, ಸಸಿಯೂ ಮನೆಯೂ, ಎಂದು ರಾತ್ರಿಯೆಲ್ಲ ಅಂದುಕೊಂಡಿದ್ದ.

ಮನೆಗೆ ಹೋದಾಗ ವೈನಿ ಹೊರಟು ನಿಂತಿದ್ದಳು. ಇಂದ್ರವ್ವ ರೊಟ್ಟಿಯ ಗಂಟು ಕೊಟ್ಟು ಕಾಲು ಮುಟ್ಟಿ, 'ಲಗೂನ ಬರ್ರಿ ಅಕ್ಕಾ, ಮನಿ ಭಣಭಣ ಅಂತೈತಿ' ಎಂದಳು. ವೈನಿ ಅವಳ ಎರಡೂ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲಿಲ್ಲ. 'ಮಡಿಯಾಗ ನೀರ ನಿಂತಿರತೈತಿ, ನಾ ಹೋಗಿ ಎತ್ತಿ ಚೆಲ್ಲತೇನ್ರಿ' ಎಂದು ಗಂಡನಿಗೆ ಹೇಳಿ ಇಂದ್ರವ್ವ ತಂಬಿಗೆ ಹಿಡಿದು ತೋಟದ ದಾರಿ ಹಿಡಿದಳು. ಇವರಿಬ್ಬರು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅವನು ಮುಂದೆ, ತಲೆಯ ಮೇಲೆ ಗಂಟು, ಅವಳು ಹಿಂದೆ. ಊರ ಅಗಸೆಬಾಗಿಲು ದಾಟುವವರೆಗೆ ಒಂದು ಮಾತು, ಹೊಳೆಯ ತಿರುವಿಗೆ ಇನ್ನೊಂದು ಮಾತು ಎಂದು ಮನಸ್ಸಿನಲ್ಲಿ ಹೊಂದಿಸಿಕೊಂಡಿದ್ದ. ಅಗಸೆ ದಾಟಿತು, ತಿರುವು ಹೋಯಿತು. ಎದುರು ಬಂದವರು 'ಎಲ್ಲಿಗ್ರಿ ಅವ್ವಾರ, ಈ ಮಳ್ಯಾಗ?' ಎಂದು ಕೇಳಿದರೆ ವೈನಿ 'ತವರಮನಿಗೆ' ಎಂದು ನಕ್ಕಳು. ಅವರು ಅವನ ಮುಖ ನೋಡಿದರು. ಅವನು ಗಂಟನ್ನು ತಲೆಯ ಮೇಲೆ ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

ಬೈಲಹೊಂಗಲದ ಬಸ್ಸು ತಡವಾಗಿತ್ತು. ಚಹದಂಗಡಿಯ ತಗಡಿನ ಕೆಳಗೆ ಬೆಂಚಿನ ಮೇಲೆ ಕೂತರು. ಅಂಗಡಿಯವನು ಒಳಗೆ ಸ್ಟೋವಿಗೆ ಗಾಳಿ ಹಾಕುತ್ತಿದ್ದ. ಆ ಗದ್ದಲದಲ್ಲಿ ನಿಜಗುಣಪ್ಪನಿಗೆ ಧೈರ್ಯ ಬಂತು.

'ವೈನಿ, ಬೀಜಾ ಇನ್ನೊಂದ ಗಂಟ ಉಳದಾವು. ನೀವ ಬಿತ್ತಬೇಕು. ಇವತ್ತ ಹೋಗಬ್ಯಾಡ್ರಿ.' ಮುಂದಿನದನ್ನು ಅವನು ಹೊಂದಿಸಿಕೊಂಡ ಹಾಗೆ ಹೇಳಲಾಗಲಿಲ್ಲ. 'ನಾ ತಪ್ಪ ಮಾಡೇನಿ. ಯಾರೂ ಹೇಳಿರಲಿಲ್ಲ, ನಾನs ಮಾಡೇನಿ.'

'ಬೀಜಾ ಎಲ್ಲಿ?'

ಅವನು ಜೇಬಿನಿಂದ ತೆಗೆದು ಕೊಟ್ಟ. ಅವಳು ಗಂಟು ಬಿಚ್ಚಿ, ಬೂದಿಯಲ್ಲಿ ಕಲಸಿದ್ದ ಬೀಜವನ್ನು ಬೆರಳಿನಿಂದ ಸರಿಸಿ ನೋಡಿ, ಮೂಸಿ, ತಿರುಗಿ ಕಟ್ಟಿದಳು. 'ಚಲೋ ಅದಾವು. ಇದರಾಗೇನೂ ತಪ್ಪಿಲ್ಲ.'

'ನಿಮ್ಮ ಕೈಗುಣ ಇಲ್ಲದ…'

ವೈನಿ ನಕ್ಕಳು. ಅಣ್ಣ ಹೋದಮೇಲೆ ಅವಳು ಹೀಗೆ ನಕ್ಕದ್ದನ್ನು ಅವನು ಕಂಡಿರಲಿಲ್ಲ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. 'ತಮ್ಮಾ, ನನ್ನ ಕೈಯಾಗ ಏನೂ ಇರಲಿಲ್ಲೋ' ಎಂದಳು.

ಅವನಿಗೆ ಮೊದಲು ಕಿವಿಗೆ ಬಿದ್ದದ್ದು 'ತಮ್ಮಾ' ಅಷ್ಟೇ. ಉಳಿದದ್ದು ಆಮೇಲೆ ತಲೆಗೆ ಹತ್ತಿತು.

'ನನಗ ಮಕ್ಕಳಾಗಲಿಲ್ಲ. ಬಂಜಿ ಕೈಲೆ ಬೀಜಾ ಮುಟ್ಟಿಸಬ್ಯಾಡ್ರಿ ಅಂತ ನಿಮ್ಮವ್ವನs ಅಂದಳು, ಬಾವಿ ಮ್ಯಾಲ, ಎಲ್ಲಾರೂ ಇದ್ದಾಗ. ಆ ವರ್ಷ ನಿಮ್ಮಣ್ಣ ಬೀಜದ ಗಂಟ ತಂದು ಆಕೀ ಮುಂದ ನನ್ನ ಕೈಯಾಗ ಕೊಟ್ಟರು. ಬಿತ್ತು ಅಂದ್ರು. ಬಿತ್ತಿದೆ. ಅರ್ಧಕ್ಕರ್ಧ ಹುಟ್ಟಲಿಲ್ಲ, ಹುಟ್ಟಿದ್ದು ಸಾಯಾಕ ಹತ್ತಿತು. ನನ್ನ ಜೀವ ಹೋದಂಗ ಆಗಿತ್ತು. ಆಮ್ಯಾಲ ಒಂದ ದಿನಾ ನೋಡಿದ್ರ ಮಡಿ ತುಂಬ ಅಗಿ ನಿಂತಾವು, ಸಸಿಗೆ ಸಸಿ ಹತ್ತಿ, ಕೂದಲ ಹಂಗ.'

'ಅದು ಹೆಂಗ?'

'ಔಡಲಗಿಡದ ಹಿಂದ ಇನ್ನೊಂದ ಮಡಿ ಮಾಡ್ತಿದ್ರಲ್ಲ ನಿಮ್ಮಣ್ಣ, ನೆಪ್ಪ ಐತೇನು?'

'ಐತಿ. ಅದು ಅಗಿ ಮಾರಾಕ ಅಂತ ಹಾಕತಿದ್ದ.'

'ಮಾರಾಕ! ಯಾರಿಗರ ಮಾರಿದ್ದನ್ನ ನೋಡೀಯೇನ ನೀ?' ವೈನಿ ಮಳೆಯ ಕಡೆ ತಿರುಗಿದಳು. 'ನಸಕಿನ್ಯಾಗ ಎದ್ದ ಹೋಗಿ, ಆ ಮಡಿ ಅಗಿ ಕಿತ್ತು, ನನ್ನ ಮಡ್ಯಾಗ ಸತ್ತಲ್ಲೆಲ್ಲಾ ಹಚ್ಚಿ ಬರ್ತಿದ್ರು. ಆಳು ಬರೂದ್ರಾಗ ಮುಗಸ್ತಿದ್ರು. ಆಮ್ಯಾಲ ಎಲ್ಲಾರನೂ ಕರದು, ನೋಡ್ರಿ ಇವಳ ಕೈಗುಣಾ ಅಂತ ಅವರs ಹೇಳವರು. ವರ್ಷಾನೂ ಹಂಗ. ನಾ ಒಂದ ದಿನಾ ಕುಳ್ಳ ತರಾಕ ಹೋಗಿ ಕಂಡೆ. ಕಂಡು ಹಂಗ ತಿರಿಗಿ ಬಂದೆ. ನನಗ ಗೊತ್ತೈತಿ ಅನ್ನೂದು ಅವರಿಗೆ ಕಡೀತನಕಾ ಗೊತ್ತಾಗಲಿಲ್ಲ. ಹೇಳಬೇಕಿತ್ತೋ ಏನೋ. ಆದ್ರ ನನಗೂ ಆ ಹೆಸರ ಬೇಕಾಗಿತ್ತು ತಮ್ಮಾ. ಬಂಜಿ ಅನ್ನೂ ಬಾಯಿ ಎಲ್ಲಾ ಮುಚ್ಚಿದ್ದು ಅದs ಹೆಸರು.'

ನಿಜಗುಣಪ್ಪನಿಗೆ ಅಣ್ಣನ ಮೊಣಕಾಲು ನೆನಪಾಯಿತು. ಬದನೆಯ ಕಾಲದಲ್ಲಿ ಬೆಳಿಗ್ಗೆ ಅವನ ಧೋತರ ಮೊಣಕಾಲಿನ ಹತ್ತಿರ ಯಾವಾಗಲೂ ಹಸಿ. ಏನಣ್ಣಾ ಎಂದರೆ ನೀರಿನ ಕಡೆ ಹೋಗಿದ್ದೆ, ಬಿದ್ದೆ ಎನ್ನುತ್ತಿದ್ದ. ವರ್ಷವೂ ಬೀಳುತ್ತಾನಲ್ಲ, ಅಣ್ಣನಿಗೆ ಕಣ್ಣು ಮಂಜೆಂದು ಇವನು ಹುಡುಗರೊಡನೆ ನಕ್ಕಿದ್ದ. ಈಗ ತಗಡಿನಿಂದ ನೀರು ಹೆಗಲ ಮೇಲೆ ಬೀಳುತ್ತಿದ್ದರೂ ಸರಿದು ಕೂರಬೇಕೆಂದು ಅವನಿಗೆ ತೋಚಲಿಲ್ಲ.

'ಹಂಗಂದ್ರ ಅವತ್ತ ನೀವು ಯಾಕ ಕೈ ಚಾಚಿದ್ರಿ?' ಎಂದು ಕೇಳಿದ. ಕೇಳಬಾರದಿತ್ತು.

ಅವಳು ಬೀಜದ ಗಂಟನ್ನು ಇನ್ನೊಮ್ಮೆ ಬಿಗಿದಳು. 'ಅವರಿಲ್ಲ. ಈ ವರ್ಷ ನನ್ನ ಹಿಂದ ನೀ ನಿಂದ್ರತೀ ಅಂದಕೊಂಡಿದ್ದೆ' ಎಂದಳು.

ಬಸ್ಸು ಬಂತು. ಅವಳು ಬೀಜದ ಗಂಟನ್ನು ಅವನ ಕೈಯಲ್ಲಿಟ್ಟಳು. 'ಇಂದ್ರವ್ವನ ಕೈಲೆ ಬಿತ್ತಿಸು. ಆಕೀ ಕೈಗೇನೂ ಆಗಿಲ್ಲ, ಹವಾ ಕೆಟ್ಟೈತಿ.' ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ, ಕಂಡಕ್ಟರ್ ಕೂಗುತ್ತಿದ್ದರೂ ಅವಸರ ಮಾಡದೆ, 'ಈಗ ಹೇಳಿದ್ದು ಯಾರ ಮುಂದೂ ಬಾಯಿ ಬಿಡಬ್ಯಾಡ. ಇಂದ್ರವ್ವನ ಮುಂದೂ ಬ್ಯಾಡ. ಅದು ನಿಮ್ಮಣ್ಣ ಕಟ್ಟಿದ್ದು, ಹಂಗs ಇರಲಿ. ಎದಿ ಮ್ಯಾಲಿನ ಲಿಂಗ ಮುಟ್ಟಿ ಹೇಳು' ಎಂದಳು. ಅವನು ಮುಟ್ಟಿದ. ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಸುಳ್ಳು ಹೇಳಬೇಕಾಗುತ್ತಿತ್ತು, ಅಷ್ಟನ್ನಾದರೂ ತಪ್ಪಿಸಿದೆನೆಂದು ಅಂದುಕೊಂಡ. ಬಸ್ಸು ಕೆಸರು ಎರಚಿ ಹೋಯಿತು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅವನ ಮುಂದೆ ಅಣ್ಣ ನಡೆಯುತ್ತಿದ್ದ. ಹೆಚ್ಚು ಮಾತಿಲ್ಲದ, ಮಠದ ಕಟ್ಟೆಯ ಮೇಲೆ ಎಂದೂ ಕೂರದ, ಸಭೆಯಲ್ಲಿ ಕೊನೆಗೆ ನಿಲ್ಲುವ ಮನುಷ್ಯ. ಹೆಂಡತಿಯ ಕೈಯೊಳಗೆ ಗುಣ ಇಲ್ಲದಿದ್ದರೆ ಚಳಿಯಲ್ಲಿ ಮೊಣಕಾಲೂರಿ ಅದನ್ನು ತಂದು ಇಟ್ಟ. ತಾನೂ ದಿನಾ ನಸುಕಿನಲ್ಲೇ ತೋಟಕ್ಕೆ ಹೋಗುತ್ತಿದ್ದೆನಲ್ಲ ಎಂದುಕೊಂಡ ನಿಜಗುಣಪ್ಪ. ಹೋಗಿದ್ದು ನಿಜ. ಎಷ್ಟು ಸತ್ತಿವೆ ಎಂದು ನೋಡಿ ಬಂದು ಮನೆಯಲ್ಲಿ ಹೇಳಲಿಕ್ಕೆ ಹೋಗಿದ್ದ. ಕಣಿಕೆಯ ತಟ್ಟಿ ಕಟ್ಟಿದ್ದೂ, ಕಾಲುವೆ ತೋಡಿದ್ದೂ ಬದನೆಗಾಗಿ, ಅವಳ ಹೆಸರಿಗಾಗಿ ಅಲ್ಲ. ಅವನಿಗೆ ನಾಚಿಕೆಯಾಯಿತು. ಇಷ್ಟು ನಾಚಿಕೆ ಅವನಿಗೆ ಹಿಂದೆ ಯಾವಾಗಲೂ ಆಗಿರಲಿಲ್ಲ. ಆದರೂ ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಆಸೆ ಓಡುತ್ತಿತ್ತು: ಬೀಜವಿದೆ, ಇಂದ್ರವ್ವ ಇದ್ದಾಳೆ, ಔಡಲಗಿಡದ ಹಿಂದೆ ಎತ್ತರದ ಜಾಗವೂ ಇದೆ. ಅರ್ಧ ಬೀಜ ಅವಳ ಮಡಿಗೆ, ಅರ್ಧ ತನ್ನ ಗುಟ್ಟಿನ ಮಡಿಗೆ. ನಾಳೆಯಿಂದ ತಾನೂ ಮೊಣಕಾಲು ಹಸಿ ಮಾಡಿಕೊಳ್ಳಬಹುದು. ಬಿರುಸಾಗಿ ಹೆಜ್ಜೆ ಹಾಕಿದ.

ತೋಟದಲ್ಲಿ ಇಂದ್ರವ್ವ ಕಾಲುವೆಯಲ್ಲಿ ಕೂತು ತಂಬಿಗೆಯಿಂದ ನೀರು ಎತ್ತಿ ಆಚೆ ಚೆಲ್ಲುತ್ತಿದ್ದಳು. ಸೀರೆಯ ಅಂಚು ಕೆಸರಾಗಿತ್ತು, ಬೆರಳ ತುದಿಗಳು ಚಳಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಕಾಡವ್ವ ಆಚೆ ತುದಿಯಲ್ಲಿ ಬೂದಿ ಹಾಕುತ್ತಿದ್ದಳು.

'ಹತ್ತಿಸಿ ಬಂದ್ರೇನ್ರಿ?' ಎಂದಳು ಇಂದ್ರವ್ವ.

'ಹೂಂ. ಇಂದ್ರವ್ವಾ, ಏಳು. ಹೊಸಾ ಮಡಿ ಮಾಡೂನು. ನೀನs ಬಿತ್ತು.' ಅವನು ಗಂಟು ಬಿಚ್ಚಿ ಹಿಡಿದ.

ಅವಳು ಗಂಟನ್ನು ನೋಡಿದಳು. ತಂಬಿಗೆ ಕೆಳಗಿಟ್ಟಳು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಸರಿಸಿಕೊಂಡಳು. 'ನನ್ನ ಕೈಲೆ ಬ್ಯಾಡ್ರಿ.'

'ಅವತ್ತ ನಾ ಅಂದದ್ದು ಸುಳ್ಳ. ಸಿಟ್ಟಿನ್ಯಾಗ ಅಂದೆ. ನಿನ್ನ ಕೈಯಾಗೇನೂ ಇಲ್ಲ. ಹವಾ ಕೆಟ್ಟೈತಿ.'

'ಖರೇನs ಅಂದ್ರಿ ನೀವು. ನನಗೂ ಗೊತ್ತಾಗೇತಿ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಕಾಲು ಹಿಡಿಯಬಹುದಿತ್ತು. ಅವನಿಗೇ ಸಮಾಧಾನ ಹೇಳುವಂತೆ ಹೇಳಿದಳು: 'ಇದ್ದದ್ದ ಒಂದ ಗಂಟ ಬೀಜಾ. ಅದೂ ಹಾಳಾಗೂದ ಬ್ಯಾಡ. ಅಕ್ಕ ಬರಲಿ.'

'ಹೌದ್ರಿ ಅಪ್ಪಾರ' ಎಂದಳು ಆಚೆಯಿಂದ ಕಾಡವ್ವ, 'ಗುರವ್ವಕ್ಕಾರ ಬಂದ ಬಿತ್ತತಾರ ಬಿಡ್ರಿ. ಅವರ ಕೈ ಅಂದ್ರ ಕೈ.'

ನಿಜಗುಣಪ್ಪ ಬಾಯಿ ತೆರೆದ. ಒಂದು ಮಾತು ಸಾಕಿತ್ತು. ಯಾರ ಕೈಯಲ್ಲೂ ಏನೂ ಇರಲಿಲ್ಲ, ಅಣ್ಣ ಇದ್ದ, ಅಷ್ಟೇ, ಎಂದುಬಿಟ್ಟರೆ ಹೆಂಡತಿಯ ಎರಡು ಕೈಗಳು ಸೆರಗಿನಿಂದ ಹೊರಗೆ ಬರುತ್ತಿದ್ದವು. ಬರುತ್ತಿದ್ದವು ಎಂದು ಅವನಿಗೆ ಖಾತ್ರಿ ಇತ್ತು. ಸಂಜೆಯೊಳಗೆ ಆ ಮಾತು ಕಾಡವ್ವನ ಜೊತೆ ಊರೊಳಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿ ಕಿತ್ತೂರಿಗೂ ಹೋಗುತ್ತಿತ್ತು. ಇಂದ್ರವ್ವ ಅವನ ತೆರೆದ ಬಾಯಿಯನ್ನು ನೋಡುತ್ತ ಕಾದಳು. ಅವಳ ಮುಖದಲ್ಲಿ ಒಂದು ಗಳಿಗೆ ಏನೋ ಎದ್ದಿತು. ನಿಮ್ಮ ಬಾಯಿಂದ ನನ್ನನ್ನು ನಂಬಿಸಿ ಎನ್ನುವಂಥದ್ದು. ಅವನು 'ಹಂಗಲ್ಲ ಅದು' ಎಂದ. ಮುಂದೆ ಏನೂ ಬರಲಿಲ್ಲ. ಅವಳು ಕಣ್ಣು ತೆಗೆದು ಮಡಿಯ ಕಡೆ ನೋಡಿದಳು.

ಮಡಿಯ ಅಂಚಿನಲ್ಲಿ ಒಂದು ಸಸಿ ಪೂರ್ತಿ ಮಲಗಿರಲಿಲ್ಲ, ವಾರೆಯಾಗಿ ನಿಂತಿತ್ತು. ಅದಕ್ಕೆ ಒಂಚೂರು ಒಣಮಣ್ಣು ಏರಿಸಿ ನೆಟ್ಟಗೆ ಮಾಡಲು ಇಂದ್ರವ್ವ ಬಗ್ಗಿದಳು. ಬೆರಳು ಎಲೆಯ ಹತ್ತಿರ ಹೋಗಿ ನಿಂತಿತು.

'ಕಾಡವ್ವಾ' ಎಂದು ಕರೆದಳು, 'ಇಲ್ಲೊಂದ ಇನ್ನಾ ಜೀವಾ ಹಿಡದೈತಿ. ನೀ ಬಂದ ನಿಂದ್ರಸು. ನಾ ಮುಟ್ಟೂದಿಲ್ಲ.'